ದುಃಖದ ಬಣ್ಣ

ದುಃಖದ ಬಣ್ಣ ಯಾವುದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಥಟ್ಟನೆ ‘ಬಿಳಿ’ ಎಂದುಬಿಡುತ್ತೇವೆ. ಇಲ್ಲಿಯೇ ಬೆಳೆದು ಇಂಗ್ಲಿಷ್ ಸಿನಿಮಾ ನೋಡುವ ನಮ್ಮ ಮಕ್ಕಳು ‘ಕಪ್ಪು’ ಎನ್ನುತ್ತಾರೆ. ಎರಡು ಉತ್ತರಗಳ ಹಿಂದಿರುವ ತೀರ್ಮಾನ ಮಾತ್ರ ಒಂದೇ: ಸಾವಿನ ಮನೆಯಲ್ಲಿ ಬಣ್ಣಕ್ಕೆ ಕೆಲಸವಿಲ್ಲ. ಕಟ್ಟಳೆಗಳನ್ನಷ್ಟೇ ನೋಡಿದರೆ ಈ ತೀರ್ಮಾನ ಸರಿಯೆಂದೇ ಕಾಣುತ್ತದೆ. ಆದರೆ ಜನ ತಮ್ಮ ಸತ್ತವರಿಗಾಗಿ ಕೈಯಾರೆ ಏನೇನು ಹೊಲಿದರು, ಏನೇನು ಕಟ್ಟಿದರು, ಏನೇನು ಪೋಣಿಸಿದರು ಎಂದು ನೋಡಹೊರಟರೆ ಬೇರೆಯದೇ ಚರಿತ್ರೆ ತೆರೆದುಕೊಳ್ಳುತ್ತದೆ. ಅಲ್ಲಿ ದುಃಖಕ್ಕೆ ಬಣ್ಣವಿದೆ. ಮಾಡಲು ಕೈತುಂಬ ಕೆಲಸವೂ ಇದೆ. ಸಮುದ್ರದಾಚೆ ಕುಳಿತು ಫೋನಿನಲ್ಲಿ ಸಾವಿನ ಸುದ್ದಿ ಕೇಳುವ ನಮ್ಮಂಥವರಿಗೆ ಈ ಎರಡನೆಯ ಮಾತು ಮುಖ್ಯವೆನಿಸಿ ಈ ಬರಹ.

ದೂರ ಹೋಗುವುದು ಬೇಡ, ನಾವಿರುವ ನೆಲದಿಂದಲೇ ಶುರು ಮಾಡೋಣ. ಅಬುಧಾಬಿ ನಗರಕ್ಕೆ ಅಂಟಿಕೊಂಡಂತಿರುವ ಉಮ್ಮ್ ಅನ್ ನಾರ್ ಎಂಬ ಪುಟ್ಟ ದ್ವೀಪದಲ್ಲಿ 1959ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞರ ತಂಡವೊಂದು ಉತ್ಖನನ ಆರಂಭಿಸಿತು. ಸಿಕ್ಕಿದ್ದು ಸುಮಾರು 4,500 ವರ್ಷ ಹಿಂದಿನ, ದುಂಡನೆಯ ಕಲ್ಲಿನ ಗೋರಿಗಳು. ಒಬ್ಬರಿಗೆ ಒಂದು ಎಂಬ ಲೆಕ್ಕವಲ್ಲ. ಒಂದೇ ಗೋರಿಯಲ್ಲಿ ತಲೆಮಾರುಗಟ್ಟಲೆ ಹತ್ತಾರು, ಈ ಕಾಲದ ಕೆಲವು ಗೋರಿಗಳಲ್ಲಿ ನೂರಾರು ಮಂದಿ. ಅಲ್ ಐನ್‌ನ ಹಿಲಿ ಉದ್ಯಾನದಲ್ಲಿ ಇದೇ ಸಂಸ್ಕೃತಿಯ ದೊಡ್ಡ ಗೋರಿಯೊಂದನ್ನು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವರು ನೋಡಿರುತ್ತೀರಿ: ಬಾಗಿಲ ಮೇಲೆ ಉದ್ದ ಕೊಂಬಿನ ಓರಿಕ್ಸ್‌ಗಳ ನಡುವೆ ಇಬ್ಬರು ಮನುಷ್ಯರ ಉಬ್ಬುಶಿಲ್ಪವಿದೆ. ಇಂಥ ಗೋರಿಗಳಲ್ಲಿ ಎಲುಬುಗಳ ಜೊತೆ ಚಿತ್ರ ಬರೆದ ಮಡಕೆಗಳು ಸಿಕ್ಕಿವೆ, ಮಣಿಗಳು ಸಿಕ್ಕಿವೆ. ಮಣಿಗಳಲ್ಲಿ ಕೆಲವು ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನವು. ಕೆಂಪಿನ ಮೇಲೆ ಬಿಳಿ ಗೆರೆಯ ಚಿತ್ತಾರ. ಅದು ಸಿಂಧೂ ಕಣಿವೆಯ ಕಸುಬುದಾರರ ಕೈಕೆಲಸ. ಅಂದರೆ ನಮ್ಮ ಉಪಖಂಡದ ಕೆಂಪು ಬಣ್ಣ ಈ ಮರಳಿನವರ ಸಾವಿನ ಮನೆಗೆ, ನಾವೆಲ್ಲ ವೀಸಾ ಹಿಡಿದು ಬರುವುದಕ್ಕಿಂತ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಬಂದು ಸೇರಿತ್ತು!

ಇನ್ನು ಕಟ್ಟಳೆಯ ಮಾತು. ಇಸ್ಲಾಮಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಸಿಂಗಾರ, ಸುಗಂಧ, ಬಣ್ಣದ ಬಟ್ಟೆಗಳಿಂದ ದೂರ ಇರಬೇಕು. ಇದಕ್ಕೆ ಹದೀಸಿನಲ್ಲಿ ಒಂದು ಕುತೂಹಲದ ವಿನಾಯಿತಿ ಇದೆ. ‘ಅಸಬ್’ ಎಂಬ ಯೆಮನಿನ ಬಟ್ಟೆಯನ್ನು ಅವಳು ಉಡಬಹುದು. ನೂಲನ್ನು ಮೊದಲೇ ಕಟ್ಟಿ ಬಣ್ಣದಲ್ಲಿ ಅದ್ದಿ ಆಮೇಲೆ ನೇಯ್ದ ಬಟ್ಟೆ ಅದು. ಬಣ್ಣ ಬೇಡ ಎಂದ ಕಟ್ಟಳೆಯೂ ಒಂದು ಕಿಂಡಿ ತೆರೆದಿಟ್ಟಿತ್ತು ಎಂಬುದು ಒಂದು, ಆ ಲೆಕ್ಕಕ್ಕೆ ಕೊನೆಯ ದಿನ ಎಂಬುದಿತ್ತು ಎಂಬುದು ಇನ್ನೊಂದು. ನಮ್ಮ ಮೇಲ್ಜಾತಿಯ ಮನೆಗಳಲ್ಲಿ ಆ ಕೊನೆಯ ದಿನವೇ ಇರಲಿಲ್ಲ. ಕುಂಕುಮ, ಬಳೆ, ಹೂವು ಹೋದವು, ತಲೆಗೂದಲು ಹೋಯಿತು, ಬದುಕಿನುದ್ದಕ್ಕೂ ಒಂದೇ ಬಣ್ಣದ ಸೀರೆ. ಕೆಲವೆಡೆ ಅದು ಬಿಳಿ, ಕೆಲವೆಡೆ ಕೆಂಪು ಮಡಿ ಸೀರೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ, 1983ರಲ್ಲಿ ಪ್ರೇಮಾ ಕಾರಂತರು ಮಾಡಿದ ಸಿನಿಮಾ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಂಪು ಮಡಿ ಸೀರೆಯ ವಿಷಯ ಒಂದು ಕ್ಷಣ ಯೋಚಿಸಿ. ಮದುಮಗಳ ಬಣ್ಣವನ್ನೇ ಅವಳ ಮೈಮೇಲೆ ಶಿಕ್ಷೆಯಾಗಿ ಹೊದಿಸಿದರು. ಆದ್ದರಿಂದ ಹೆಂಗಸಿನಿಂದ ಕಿತ್ತುಕೊಂಡದ್ದು ಬಣ್ಣವನ್ನಷ್ಟೇ ಅಲ್ಲ, ಬಣ್ಣವನ್ನು ಆರಿಸಿಕೊಳ್ಳುವ ಹಕ್ಕನ್ನು.

ಹಾಗಾದರೆ ಅವಳ ಪೆಟ್ಟಿಗೆಯಲ್ಲಿದ್ದ ಹಳೆಯ ಬಣ್ಣದ ಸೀರೆಗಳೆಲ್ಲ ಎಲ್ಲಿ ಹೋದವು? ಒಳ್ಳೆಯವು ಮಗಳಿಗೆ, ಸೊಸೆಗೆ ಹೋದವು. ಉಟ್ಟು ಹಣ್ಣಾದವು ಕೌದಿಗೆ ಹೋದವು.

ಕೌದಿಯನ್ನು ಯಾರೂ ಶೋಕದ ಕಲೆ ಎಂದು ಕರೆದಿಲ್ಲ. ಅದು ಚಳಿಗೆ ಹೊದೆಯುವ, ಕೂಸಿಗೆ ಹಾಸುವ, ಬಂದ ನೆಂಟರಿಗೆ ಕೊಡುವ ವಸ್ತು. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಮನೆಗಳಲ್ಲಿ ಹಾಸಿಗೆ ಹೊದಿಕೆಗಳ ಗಂಟಿನಲ್ಲಿ ನಾಲ್ಕೈದು ಕೌದಿ ಇರುವುದು ಮಾಮೂಲು. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಹೊಲಿಯುವುದು. ಊರೂರು ತಿರುಗಿ ಕೂಲಿಗೆ, ಕಾಳಿಗೆ ಕೌದಿ ಹೊಲಿದುಕೊಡುವ ಹೆಂಗಸರೂ ಇದ್ದರು. ಕೆಳಗೊಂದು ಗಟ್ಟಿ ಸೀರೆ, ಅದರ ಮೇಲೆ ಹಳೆಯ ಧೋತರ, ಸೀರೆ, ಅಂಗಿ, ಪರಕಾರಗಳ ಪದರ, ಎಲ್ಲಕ್ಕಿಂತ ಮೇಲೆ ಬಣ್ಣ ಬಣ್ಣದ ತುಂಡುಗಳ ಜೋಡಣೆ. ಅಂಚಿನಿಂದ ಶುರುವಾದ ಸಣ್ಣ ನೇರ ಹೊಲಿಗೆ ಚೌಕ ಚೌಕವಾಗಿ ಒಳಗೊಳಗೆ ಸರಿಯುತ್ತ ನಡುವಿಗೆ ಬಂದು ನಿಲ್ಲುತ್ತದೆ. ಒಂದು ಕೌದಿಗೆ ವಾರಗಟ್ಟಲೆ ಬೇಕು. ಇಬ್ಬರು ಮೂವರು ಸುತ್ತ ಕುಳಿತರೆ ಬೇಗ ಆಗುತ್ತದೆ, ಮಾತೂ ಆಗುತ್ತದೆ.

ಸಾಯುವಾಗ ಮೈಮೇಲಿದ್ದ ಬಟ್ಟೆಯನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ. ಆದರೆ ಗಳದ ಮೇಲೆ, ಟ್ರಂಕಿನಲ್ಲಿ ಉಳಿದ ಬಟ್ಟೆಗಳನ್ನು ಏನು ಮಾಡಬೇಕು? ಇದು ಯಾವ ಕಾಲದಲ್ಲೂ ಸಾವಿನ ಮನೆಯ ಅತಿ ಕಷ್ಟದ ಪ್ರಶ್ನೆ. ದಾನ ಕೊಡಲು ಮನಸ್ಸು ಬಾರದು, ಉಡಲು ಆಗದು, ಕಣ್ಣೆದುರು ಇಟ್ಟುಕೊಳ್ಳಲೂ ಆಗದು. ಕೌದಿ ಈ ಪ್ರಶ್ನೆಗೆ ಒಂದು ಉತ್ತರ. ಅಪ್ಪನ ಧೋತರ ಒಳಪದರದಲ್ಲಿ, ಅಜ್ಜಿಯ ಇಳಕಲ್ಲ ಸೀರೆಯ ಸೆರಗು ಮೂಲೆಯಲ್ಲಿ, ಬಾಳಲಿಲ್ಲದ ಕೂಸಿನ ಕುಂಚಿಗೆಯ ಚೂರು ನಡುವೆ ಎಲ್ಲೋ. ಕತ್ತರಿಸಿದ ಮೇಲೆ ಅದು ಅವರ ಬಟ್ಟೆಯಲ್ಲ, ಆದರೂ ಅವರದೇ. ಗಂಡ ಸತ್ತ ಮೇಲೆ ತಾನು ಉಡುವಂತಿಲ್ಲದ ಹಸಿರು, ಹಳದಿ, ನೇರಳೆಯನ್ನು ಒಬ್ಬ ಹೆಂಗಸು ತನ್ನ ಕೈಯಿಂದಲೇ ಕತ್ತರಿಸಿ, ಜೋಡಿಸಿ, ರಾತ್ರಿ ಅದನ್ನೇ ಹೊದೆದು ಮಲಗಬಹುದಿತ್ತು. ಹಗಲು ಜನರ ಕಣ್ಣಿಗೆ ಒಂದೇ ಬಣ್ಣ, ರಾತ್ರಿಗೆ ಎಲ್ಲ ಬಣ್ಣ. ಯಾವ ಶಾಸ್ತ್ರವೂ ಕೌದಿಯ ಬಣ್ಣಕ್ಕೆ ನಿಷೇಧ ಹಾಕಿದ್ದನ್ನು ನಾವು ಕಂಡಿಲ್ಲ. ಚಿಂದಿ ಎಂದು ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ನೋಡಿ!

ಕೌದಿಯ ಮಾತು ಬಂದಾಗ ಉತ್ತರ ಕನ್ನಡದ ಸಿದ್ಧಿಯರನ್ನು ಬಿಟ್ಟು ಮುಂದೆ ಹೋಗಲಾಗದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ನೆಲೆಸಿರುವ ಇವರ ಹಿರಿಯರು ಆಫ್ರಿಕಾದ ಪೂರ್ವ ತೀರದಿಂದ ಇದೇ ಅರಬ್ಬೀ ಸಮುದ್ರ ದಾಟಿ ಬಂದವರು. ನಮ್ಮ ಹಾಗೆ ಕೆಲಸ ಹುಡುಕಿಕೊಂಡಲ್ಲ. ಹೆಚ್ಚಿನವರು ಗುಲಾಮರಾಗಿ, ಗೋವಾದ ಮೂಲಕ. ಊರು, ಭಾಷೆ, ಹೆಸರು ಎಲ್ಲ ಕಳೆದುಹೋದವರ ಮೊಮ್ಮಕ್ಕಳ ಕೈಯಲ್ಲಿ ಇಂದು ಕರ್ನಾಟಕದಲ್ಲೇ ಅತಿ ದಿಟ್ಟ ಬಣ್ಣದ ಕೌದಿಗಳು ಹುಟ್ಟುತ್ತಿವೆ. ಮೂಲೆಯಿಂದ ಹೊರಟು ಸುತ್ತುತ್ತ ನಡುವಿಗೆ ಬರುವ ಹೊಲಿಗೆ ಇವರದೂ ಹೌದು. ಕ್ರೈಸ್ತ ಸಿದ್ಧಿಯರ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ಧಿಯರದರಲ್ಲಿ ಚಂದ್ರ ಕಾಣಿಸುವುದುಂಟು. ನಾಲ್ಕು ಮೂಲೆಗೆ ಮಡಿಸಿದ ತ್ರಿಕೋನ ತುಂಡುಗಳ ‘ಹೂ’ ಇಡದಿದ್ದರೆ ಕೌದಿ ಬತ್ತಲೆ ಎಂಬುದು ಅವರ ಮಾತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೀವಾಲ್ ಅವರ ಆಸಕ್ತಿಯಿಂದ 2004ರಲ್ಲಿ ಸಿದ್ಧಿ ಹೆಂಗಸರ ಕೌದಿ ಸಹಕಾರ ಸಂಘ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಗೋಡೆಗೆ ತೂಗುಹಾಕಿದ ಕೌದಿ ಚೆಂದವೇ. ಆದರೂ ಕೌದಿ ನೆಲದ್ದು, ಮೈಯದ್ದು ಎಂದು ನಮ್ಮ ಹಟ.

ನಮ್ಮ ಬಳಗದಲ್ಲಿ ಕರಾವಳಿಯವರು ಬಹಳ. ಅವರಿಗೆ ಕೌದಿಗಿಂತ ಬೊಜ್ಜದ ನೆನಪು ಹತ್ತಿರ. ತುಳುವಿನಲ್ಲಿ ಬೊಜ್ಜವೆಂದರೆ ಉತ್ತರಕ್ರಿಯೆ. ಚಿತೆ ಉರಿದ ಜಾಗದಲ್ಲಿ ‘ದೂಪೆ’ ಕಟ್ಟಿ ಸಿಂಗರಿಸುವುದು ರೂಢಿ. ದೊಡ್ಡ ಗುತ್ತಿನ ಯಜಮಾನರು, ತುಂಬು ಬಾಳು ಬಾಳಿದ ಹಿರಿಯರು ತೀರಿಕೊಂಡರೆ ‘ಉಪ್ಪರಿಗೆ ಬೊಜ್ಜ’. ಅಡಿಕೆ ಮರದ ಕಂಬ, ಬಿದಿರುಗಳಿಂದ ಅಂತಸ್ತಿನ ಮೇಲೆ ಅಂತಸ್ತು ಏರಿಸಿ, ಬಟ್ಟೆ ಸುತ್ತಿ, ತೆಂಗಿನ ಗರಿ, ಹೂವುಗಳಿಂದ ಸಿಂಗರಿಸಿದ ಆ ರಚನೆಯನ್ನು ದೂರದಿಂದ ನೋಡಿದವರು ರಥವೆಂದೇ ತಿಳಿಯಬೇಕು. ಮಾಡುವವರು ಊರಿನವರೇ: ಒಬ್ಬ ಮರ ಕಡಿದು ತರುತ್ತಾನೆ, ಒಬ್ಬ ಸಿಗಿಯುತ್ತಾನೆ, ಒಬ್ಬ ಕಟ್ಟುತ್ತಾನೆ, ಮಕ್ಕಳು ಗರಿ ಹೆಣೆಯುತ್ತವೆ. ಸತ್ತವರ ಮಗ ಏನೂ ಮಾಡದೆ ಕುಳಿತಿರಲು ಸಾಧ್ಯವೇ ಇಲ್ಲ. ಇದರಲ್ಲಿ ಗತ್ತಿನ ಪ್ರದರ್ಶನವೂ ಇತ್ತು, ಒಪ್ಪೋಣ. ಉಪ್ಪರಿಗೆ ಸಲ್ಲುತ್ತಿದ್ದುದು ಗುತ್ತಿನ ಮನೆಗೆ, ಒಕ್ಕಲಿನ ಗುಡಿಸಲಿಗಲ್ಲ.

ಆದರೆ ಅದೇ ತುಳುನಾಡಿನ ‘ಕುಲೆ ಮದಿಮೆ’ಯ ಹಿಂದೆ ಯಾವ ಗತ್ತೂ ಇಲ್ಲ. ಮದುವೆಯಾಗದೆ, ಎಷ್ಟೋ ಸಲ ಎಳೆಗೂಸಾಗಿಯೇ ಸತ್ತ ಮಗನಿಗೋ ಮಗಳಿಗೋ, ವರ್ಷಗಳು ಕಳೆದು ಅದು ಬದುಕಿದ್ದರೆ ಪ್ರಾಯಕ್ಕೆ ಬರುತ್ತಿದ್ದ ಹೊತ್ತಿಗೆ, ಅದೇ ರೀತಿ ತೀರಿಕೊಂಡ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಸಾಮಾನ್ಯವಾಗಿ ಆಟಿ ತಿಂಗಳಲ್ಲಿ ಮಾಡುವ ಮದುವೆ ಇದು. ಸಂಬಂಧ ನೋಡುವುದು, ನಿಶ್ಚಯ, ಮುಹೂರ್ತ, ಊಟ, ಎಲ್ಲವೂ ಉಂಟು. ಮದುಮಕ್ಕಳ ಜಾಗದಲ್ಲಿ ಇರುವುದು ಬಟ್ಟೆ. ಗಂಡಿನ ಕಡೆಯವರು ತಂದ ಧಾರೆ ಸೀರೆ ಒಂದು ಆಸನದ ಮೇಲೆ, ಗಂಡಿನ ಬಟ್ಟೆ ಇನ್ನೊಂದರ ಮೇಲೆ. ಧಾರೆಯಾದ ಮೇಲೆ ಅವುಗಳ ಜಾಗ ಬದಲಾಯಿಸುತ್ತಾರೆ. ಮದುವೆಯಾಗದವರು, ಮಕ್ಕಳು ನೋಡುವಂತಿಲ್ಲ. 2022ರ ಜುಲೈಯಲ್ಲಿ ದಕ್ಷಿಣ ಕನ್ನಡದ ಇಂಥದೊಂದು ಮದುವೆಯ ವಿವರ ಟ್ವಿಟ್ಟರಿನಲ್ಲಿ ಹರಡಿ ದೇಶವೆಲ್ಲ ಬೆರಗುಪಟ್ಟಿತು. ಮದುಮಕ್ಕಳು ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಮೂಢನಂಬಿಕೆ ಎಂದವರೂ ಇದ್ದರು. ಆದರೆ ಮೂವತ್ತು ವರ್ಷದ ಬಳಿಕ ಅಂಗಡಿಗೆ ಹೋಗಿ, ‘ಮಗಳಿಗೆ ಯಾವ ಬಣ್ಣ ಒಪ್ಪೀತು’ ಎಂದು ಸೀರೆ ಬಿಡಿಸಿ ನೋಡುವ ತಾಯಿಯ ಬಗ್ಗೆ ನಮಗೆ ಆ ಮಾತು ಹೇಳಲು ಬಾಯಿ ಬರುವುದಿಲ್ಲ. ಕಂಡೇ ಇಲ್ಲದ ಹರೆಯವನ್ನು ಅವಳು ಒಂದು ಬಣ್ಣದಲ್ಲಿ ಕಾಣುತ್ತಾಳೆ.

ಇವೆಲ್ಲ ಊರಿನಲ್ಲೇ ಸತ್ತವರ ಮಾತಾಯಿತು. ಪರದೇಶದಲ್ಲಿ ಸತ್ತವರಿಗೆ? ನಮ್ಮ ಹಿರಿಯರು ಇದನ್ನೂ ಯೋಚಿಸಿದ್ದರು ಎಂಬುದು ನಮಗೆ ಓದಿ ತಿಳಿದಾಗ ಮೈ ಜುಮ್ಮೆಂದ ಸಂಗತಿ. ದೇಶಾಂತರದಲ್ಲಿ ತೀರಿಕೊಂಡು ಶರೀರ ಸಿಗದವರಿಗಾಗಿ ಇರುವ ಕ್ರಮಕ್ಕೆ ಪಾಲಾಶ ವಿಧಿ ಎಂದು ಹೆಸರು. ಗರುಡ ಪುರಾಣದಲ್ಲಿ ಇದರ ವಿವರವಿದೆ. ಮುತ್ತುಗದ 360 ಕಡ್ಡಿಗಳನ್ನು ತಲೆಗೆ ಇಷ್ಟು, ಕತ್ತಿಗೆ ಇಷ್ಟು, ಎದೆಗೆ, ತೋಳಿಗೆ, ತೊಡೆಗೆ ಇಷ್ಟಿಷ್ಟು ಎಂದು ಎಣಿಸಿ ಇಟ್ಟು ಮನುಷ್ಯನ ಆಕಾರ ಕಟ್ಟಬೇಕು. ತಲೆಗೆ ತೆಂಗಿನಕಾಯಿ, ಮಾಂಸಕ್ಕೆ ಹಿಟ್ಟು, ರಕ್ತಕ್ಕೆ ಜೇನುತುಪ್ಪ, ಹೀಗೆ ಒಂದೊಂದು ಅಂಗಕ್ಕೂ ಒಂದೊಂದು ವಸ್ತು. ಅದಾದ ಮೇಲೆ ಅದನ್ನೇ ದೇಹವೆಂದು ದಹಿಸಬೇಕು. ಇಂದಿನ ಗ್ಯಾಲರಿಗಳಲ್ಲಿ ಹಲವು ವಸ್ತು ಸೇರಿಸಿ ಮಾಡಿದ್ದಕ್ಕೆ ‘ಮಿಕ್ಸೆಡ್ ಮೀಡಿಯಾ’ ಎಂದು ಚೀಟಿ ಅಂಟಿಸುತ್ತಾರಲ್ಲ, ಅದನ್ನು ಒಬ್ಬ ಮಗ ಪುರೋಹಿತರ ಎದುರು ನೆಲದ ಮೇಲೆ ಕುಳಿತು ಮಾಡುತ್ತಿದ್ದ. 360 ಕಡ್ಡಿ ಎಣಿಸಲು ಎಷ್ಟು ಹೊತ್ತು ಬೇಕು, ಎಣಿಸುವಾಗ ಆ ಕೈ ಎಷ್ಟು ಸಲ ತಡೆದೀತು ಎಂದು ಲೆಕ್ಕ ಹಾಕಿ. ಮಂತ್ರಕ್ಕಿಂತ ಆ ಎಣಿಕೆಯೇ ಹೆಚ್ಚು ಕೆಲಸ ಮಾಡುತ್ತಿತ್ತೇನೋ ಎಂದು ನಮ್ಮ ಅನುಮಾನ.

ಈಗ ನಮ್ಮ ಪಾಲಿನದು. ಇಲ್ಲಿ ಒಬ್ಬರು ತೀರಿಕೊಂಡರೆ ನಮ್ಮ ಕೈಗೆ ಬರುವ ಕೆಲಸವೆಂದರೆ ಕಾಗದ: ಆಸ್ಪತ್ರೆಯ ವರದಿ, ಪೊಲೀಸರ ಪತ್ರ, ಮರಣ ಪ್ರಮಾಣಪತ್ರ, ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ರದ್ದು, ಎಂಬಾಮಿಂಗ್, ಕಾರ್ಗೋ. ನಮ್ಮವರ ಸಂಘಗಳ ಕಾರ್ಯಕರ್ತರು ಎಷ್ಟೋ ಮಂದಿ ಇದಕ್ಕಾಗಿ ಹಗಲು ರಾತ್ರಿ ಓಡಾಡಿದ್ದಾರೆ. ಅವರ ಋಣ ದೊಡ್ಡದು. ಏರ್ ಇಂಡಿಯಾ 2019ರ ಜನವರಿಯಲ್ಲಿ ನಿಗದಿತ ದರ ಜಾರಿಗೆ ತರುವವರೆಗೆ ಶರೀರವನ್ನು ತೂಕ ಹಾಕಿ ಸಾಗಣೆಯ ಹಣ ಕಟ್ಟಬೇಕಿತ್ತು. ಊರಿನಲ್ಲಿ ಅಪ್ಪ ಅಮ್ಮ ತೀರಿಕೊಂಡರಂತೂ ಅಷ್ಟೂ ಇಲ್ಲ. ರಜೆ ಸಿಕ್ಕಿ, ಟಿಕೆಟ್ ಸಿಕ್ಕಿ ಹೋಗಿ ಮುಟ್ಟುವಷ್ಟರಲ್ಲಿ ಚಿತೆ ಆರಿರುತ್ತದೆ, ಗೋರಿಯ ಮಣ್ಣು ಒಣಗಿರುತ್ತದೆ. ಅಮ್ಮನ ಸೀರೆಗಳನ್ನು ಯಾರು ಯಾರು ತೆಗೆದುಕೊಂಡರೆಂದು ಕೇಳುವುದಕ್ಕೂ ಸಂಕೋಚ.

2010ರ ಮೇ 22ರ ಬೆಳಗ್ಗೆಯನ್ನು ದುಬಾಯಿಯ ಕನ್ನಡಿಗರು, ತುಳುವರು, ಬ್ಯಾರಿಗಳು, ಕೊಂಕಣಿಗರು, ಕಾಸರಗೋಡಿನವರು ಯಾರೂ ಮರೆತಿಲ್ಲ. ದುಬಾಯಿಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. ಇದ್ದವರು 166 ಮಂದಿ, ಬದುಕಿದವರು ಎಂಟು. ರಜೆಗೆ ಹೊರಟವರು, ಮದುವೆಗೆ ಹೊರಟವರು, ಸಾವಿಗೆ ಹೊರಟವರೂ ಅದರಲ್ಲಿದ್ದರು. ಡಿಎನ್‌ಎ ಪರೀಕ್ಷೆಯ ಬಳಿಕವೂ 12 ಶರೀರಗಳ ಗುರುತು ಹತ್ತಲಿಲ್ಲ. ಕೂಳೂರು – ತಣ್ಣೀರುಬಾವಿಯ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಅವುಗಳನ್ನು ಒಟ್ಟಾಗಿ ಮಣ್ಣು ಮಾಡಿದರು. ಈಗ ಅಲ್ಲಿ ಸ್ಮಾರಕ ಉದ್ಯಾನವಿದೆ, ಪ್ರತಿ ವರ್ಷ ಮೇ 22ರಂದು ಜನ ಸೇರಿ ಹೂವಿಡುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಬೇರ್ಪಡಿಸಲಾಗದ ಆ 12 ಮಂದಿಗೆ ಯಾವ ವಿಧಿ? ಅವರ ಮನೆಗಳವರಿಗೆ ಉಳಿದದ್ದು ಕಪಾಟಿನಲ್ಲಿದ್ದ ಬಟ್ಟೆಗಳಷ್ಟೇ.

2020ರ ವಸಂತದಲ್ಲಿ ಇದೇ ಇನ್ನೊಂದು ಬಗೆಯಲ್ಲಿ ಬಂತು. ಮಾರ್ಚಿನಲ್ಲಿ ವಿಮಾನಗಳು ನಿಂತವು. ಕೊರೋನಾದಿಂದ ತೀರಿಕೊಂಡವರನ್ನು ಊರಿಗೆ ಕಳಿಸುವಂತಿರಲಿಲ್ಲ. ಇಲ್ಲೇ ಮಣ್ಣು, ಇಲ್ಲೇ ಬೆಂಕಿ. ನಾಲ್ಕು ಜನ ಮುಚ್ಚಿದ ಮುಖದವರು, ಊರಿನಲ್ಲಿ ಫೋನಿನ ಪರದೆ ನೋಡುತ್ತಿದ್ದ ಮನೆಯವರು. ಬಣ್ಣವೆಂದರೆ ಅಲ್ಲಿ ಪ್ಲಾಸ್ಟಿಕ್ ಉಡುಪಿನ ಬಿಳಿ.

ಅಬುಧಾಬಿಯ ದೊಡ್ಡ ಮಸೀದಿಯ ಎದುರು 2016ರಲ್ಲಿ ತೆರೆದ ‘ವಾಹತ್ ಅಲ್ ಕರಾಮಾ’ ಸ್ಮಾರಕವನ್ನು ನೋಡಿದಾಗ ಇವೆಲ್ಲ ನೆನಪಾಗುತ್ತವೆ. ಈ ದೇಶಕ್ಕಾಗಿ ಪ್ರಾಣ ಕೊಟ್ಟವರ ನೆನಪಿನ ಜಾಗ ಅದು. ಬ್ರಿಟನ್ನಿನ ಕಲಾವಿದ ಇದ್ರಿಸ್ ಖಾನ್ ರೂಪಿಸಿದ 31 ದೊಡ್ಡ ಅಲ್ಯೂಮಿನಿಯಂ ಫಲಕಗಳು ಬೀಳುವವರನ್ನು ಆತುಕೊಂಡ ಹಾಗೆ ಒಂದಕ್ಕೊಂದು ಒರಗಿ ನಿಂತಿವೆ. ಬಣ್ಣ ಬೂದಿಯದು. ಸರ್ಕಾರದ ದುಃಖ ಎಲ್ಲ ದೇಶಗಳಲ್ಲೂ ಲೋಹ, ಕಲ್ಲು, ಬೂದು ಬಣ್ಣವೇ. ಆದರೆ ಪಕ್ಕದ ಮಂಟಪದೊಳಗೆ ಹೋಗಿ ನೋಡಿ. ಹುತಾತ್ಮರ ಹೆಸರು ಕೊರೆದ 2,800ಕ್ಕೂ ಹೆಚ್ಚು ಫಲಕಗಳನ್ನು ಸೇನೆಯ ಕವಚ ವಾಹನಗಳ ಅಲ್ಯೂಮಿನಿಯಂ ಕರಗಿಸಿ ಮಾಡಿದ್ದಾರೆ. ಸತ್ತವರ ಬಳಕೆಯ ವಸ್ತುವಿನಿಂದಲೇ ಸತ್ತವರ ನೆನಪು ಕಟ್ಟಬೇಕೆಂಬ ಕೌದಿಯ ಬುದ್ಧಿ ಸರ್ಕಾರಕ್ಕೂ ಹೊಳೆದಿದೆ.

ಜಗತ್ತಿನಲ್ಲಿ ಇದು ಅತಿ ದೊಡ್ಡದಾಗಿ ನಡೆದದ್ದು ಅಮೆರಿಕದಲ್ಲಿ. 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಏಡ್ಸ್ ಸ್ಮಾರಕ ಕೌದಿಯ ಒಂದೊಂದು ತುಂಡೂ ಮೂರಡಿ ಅಗಲ, ಆರಡಿ ಉದ್ದ, ಅಂದರೆ ಒಂದು ಗೋರಿಯ ಅಳತೆ. ಸತ್ತವರ ಜೀನ್ಸ್, ಟೊಪ್ಪಿಗೆ, ಆಟಿಕೆಯ ಕರಡಿ, ಮಣಿ, ಪತ್ರ ಎಲ್ಲವನ್ನೂ ಮನೆಯವರು, ಗೆಳೆಯರು ಅದಕ್ಕೆ ಹೊಲಿದರು. ಆ ವರ್ಷ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಹಾಸಿದಾಗ ಇದ್ದದ್ದು 1,920 ತುಂಡು. ಇಂದು ಸುಮಾರು 50,000. ಊರಿನವರು ಹತ್ತಿರ ಸೇರಿಸದ, ಎಷ್ಟೋ ಕಡೆ ಸಂಸ್ಕಾರಕ್ಕೂ ಜನ ಸಿಗದ ಸಾವುಗಳವು. ಚಿಲಿ ದೇಶದಲ್ಲಿ 1973ರ ಸೇನಾ ದಂಗೆಯ ನಂತರ ಕಾಣೆಯಾದವರ ತಾಯಂದಿರು, ಹೆಂಡಿರು ಗೋಣಿತಟ್ಟಿನ ಮೇಲೆ ಬಟ್ಟೆಯ ಚೂರು ಹೊಲಿದು ಚಿತ್ರ ಮಾಡಿದರು, ‘ಅರ್ಪಿಯೇರಾ’ ಎನ್ನುತ್ತಾರೆ. ಕೆಲವರು ಬಳಸಿದ್ದು ಕಾಣೆಯಾದವನ ಅಂಗಿಯನ್ನೇ. ಶರೀರ ಸಿಗಲಿಲ್ಲ, ಗೋರಿ ಇಲ್ಲ. ಆಕಾಶ ಮಾತ್ರ ಆ ಚಿತ್ರಗಳಲ್ಲಿ ಗಾಢ ನೀಲಿ, ಸೂರ್ಯ ಹಳದಿ. ಅವನ್ನು ನೋಡಿದರೆ ನಮ್ಮ ಪಾಲಾಶ ವಿಧಿಯ 360 ಕಡ್ಡಿಗಳು ಕಣ್ಣ ಮುಂದೆ ಬರುತ್ತವೆ.

ದುಬಾಯಿಯ ಏಸಿ ತಂಪಿಗೆ ಊರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಕೌದಿ ಮಡಿಸಿ ತಂದವರು ನಮ್ಮಲ್ಲಿ ಇದ್ದೀರಿ. ಇಪ್ಪತ್ತಮೂರು ಕಿಲೋ ಲೆಕ್ಕದಲ್ಲಿ ಎರಡು ಮೂರು ಕಿಲೋ ಅದಕ್ಕೇ ಹೋಗುತ್ತದೆ, ಹಪ್ಪಳ ಉಪ್ಪಿನಕಾಯಿ ಬಿಟ್ಟು ಬರಬೇಕಾಗುತ್ತದೆ. ಅದರಲ್ಲಿ ಯಾವ ತುಂಡು ಯಾರದು ಎಂದು ಬೆರಳಿಟ್ಟು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ, ಅದೂ ಎಂಬತ್ತು ದಾಟಿದವರು. ಈ ಬೇಸಿಗೆ ರಜೆಗೆ ಹೋದಾಗ ಕೌದಿಯನ್ನು ಜೊತೆಗೇ ಒಯ್ದು ಅವರ ಮುಂದೆ ಹಾಸಿ, ಮೂಲೆಯಿಂದ ಶುರು ಮಾಡಿ ಕೇಳಿ. ಹೆಸರು, ಬಣ್ಣ, ಸೀರೆ ಕೊಂಡ ಸಂತೆ, ಉಟ್ಟವರು ತೀರಿಕೊಂಡ ವರ್ಷ, ಅವರು ಹೇಳಿದಷ್ಟನ್ನು ಹೇಳಿದ ಮಾತಿನಲ್ಲೇ ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಹಾಕೋಣ. ಕರಾವಳಿಯವರು ಉಪ್ಪರಿಗೆ ಕಟ್ಟಿದ್ದನ್ನು, ಕುಲೆ ಮದಿಮೆಗೆ ಆರಿಸಿದ ಸೀರೆಯ ಬಣ್ಣವನ್ನು ಬರೆಯಬಹುದು.